ಗೆಲುವಿನ ಹಿಂದಿನ ಸೋಲು, ಸೋಲಿನ ಮುಂದಿನ ಬದುಕು

ಗೆದ್ದವನ ಮನೆಯ ಅಂಗಳದಲ್ಲಿ ಬಂಧುಗಳು ನೆರೆಯುತ್ತಾರೆ. ಸೋತವನ ಮನೆಯ ದಾರಿಯನ್ನು ಬಂಧುಗಳೂ ಮರೆಯುತ್ತಾರೆ. ಇದು ಲೋಕದ ರೂಢಿ. ಗೆಲುವಿನ ಸುದ್ದಿ ಭಾವಚಿತ್ರದೊಡನೆ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಆ ಗೆಲುವಿನ ಬೆನ್ನಿಗಿರುವ ನಿದ್ದೆಗೆಟ್ಟ ಇರುಳುಗಳು, ತೀರದ ಸಾಲ, ಕೈಕೊಟ್ಟ ಮಾತು, ಕೆಲಸ ಕಳೆದುಕೊಂಡವರ ನಿಟ್ಟುಸಿರು ಅಲ್ಲಿ ಕಾಣಿಸುವುದಿಲ್ಲ. ಅಂತರಜಾಲವನ್ನು ನೆಚ್ಚಿ ಉದ್ಯಮ ಕಟ್ಟಿದವರ ವಿಷಯದಲ್ಲಂತೂ ಈ ಮಾತು ಇನ್ನಷ್ಟು ನಿಜ. ಅಲ್ಲಿ ಗೆಲುವೂ ಮಿಂಚಿನಂತೆ ಬರುತ್ತದೆ, ಸೋಲೂ ಮಿಂಚಿನಂತೆಯೇ ಎರಗುತ್ತದೆ. ಮಂಗಳೂರಿನ ಎರಡು ದಿಕ್ಕುಗಳು, ಉತ್ತರದ ಸುರತ್ಕಲ್ಲು ಮತ್ತು ದಕ್ಷಿಣದ ನೇತ್ರಾವತಿ, ಈ ಸತ್ಯದ ಎರಡು ಮುಖಗಳನ್ನು ಕಂಡಿವೆ.

ಸ್ಟೇಟ್‌ಬ್ಯಾಂಕಿನಿಂದ ಹೊರಟ ಬಸ್ಸು ಕೊಟ್ಟಾರ, ಕೂಳೂರು, ಪಣಂಬೂರು, ಬೈಕಂಪಾಡಿಗಳನ್ನು ದಾಟಿ ಸುರತ್ಕಲ್ಲನ್ನು ಸೇರುತ್ತದೆ. ಅಲ್ಲಿ ಕಡಲ ತಡಿಯಲ್ಲಿ 1960ರಲ್ಲಿ ಕರ್ನಾಟಕ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜು ತಲೆಯೆತ್ತಿತು. ಅದಕ್ಕಾಗಿ ದುಡಿದ ಉಳ್ಳಾಲ ಶ್ರೀನಿವಾಸ ಮಲ್ಯರ ಹೆಸರಿನಿಂದಲೇ ಆ ನೆಲ ಶ್ರೀನಿವಾಸನಗರವೆನಿಸಿತು. 2002ರಲ್ಲಿ ಅದು ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಾಯಿತು. ಆ ಕಾಲೇಜಿನಲ್ಲಿ ಓದಿದ ಇಬ್ಬರು ತರುಣರು ಅಪ್ರಮೇಯ ರಾಧಾಕೃಷ್ಣ ಮತ್ತು ಜಿ. ರಘುನಂದನ್. ಅನಂತರ ಅಹಮದಾಬಾದಿನ ಐಐಎಂನಲ್ಲಿಯೂ ಇಬ್ಬರೂ ವಿದ್ಯಾರ್ಥಿಗಳಾಗಿದ್ದರು. ಅಂಥ ಎರಡು ವಿದ್ಯಾಸಂಸ್ಥೆಗಳ ಮುದ್ರೆಯಿದ್ದವರಿಗೆ ನೆಮ್ಮದಿಯ ಸಂಬಳದ ನೌಕರಿಗೆ ಬರವಿರಲಿಲ್ಲ. ಆದರೂ 2011ರಲ್ಲಿ ಅವರು ಬೆಂಗಳೂರಿನಲ್ಲಿ ಟ್ಯಾಕ್ಸಿಫಾರ್‌ಶೂರ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಕರೆದಾಗ ಬಾಡಿಗೆ ಕಾರು ಖಚಿತವಾಗಿ ಬರಬೇಕು ಎಂಬುದೇ ಆ ಹೆಸರಿನ ಅರ್ಥ, ಅದೇ ಅವರು ಗಿರಾಕಿಗೆ ಕೊಟ್ಟ ಮಾತು. ಸ್ವಂತ ಕಾರುಗಳನ್ನು ಕೊಳ್ಳದೆ, ಇದ್ದ ಕಾರಿನವರನ್ನೂ ಕಾರು ಬೇಕಾದವರನ್ನೂ ಕೂಡಿಸುವುದು ಅವರ ಕಾಯಕವಾಯಿತು.

ಸಂಸ್ಥೆ ಬೆಳೆಯಿತು, ನಗರದಿಂದ ನಗರಕ್ಕೆ ಹಬ್ಬಿತು. ಆದರೆ ಅದೇ ಮಾರುಕಟ್ಟೆಯಲ್ಲಿ ಓಲಾ ಇತ್ತು, ಕಡಲಾಚೆಯಿಂದ ಬಂದ ಉಬರ್ ಕೂಡ ಇತ್ತು. ಮುಂದೆ ನಡೆದ ಪೈಪೋಟಿಯ ಬಗೆಯನ್ನು ಮಂಗಳೂರಿನವರಿಗೆ ತಿಳಿಸುವುದು ಕಷ್ಟವಲ್ಲ. ಈ ಊರಿನಲ್ಲಿ ಎರಡು ಖಾಸಗಿ ಬಸ್ಸುಗಳು ಒಂದೇ ನಿಲ್ದಾಣದ ಪ್ರಯಾಣಿಕರಿಗಾಗಿ ಹೇಗೆ ಒಂದರ ಬೆನ್ನಿಗೊಂದು ಓಡುತ್ತವೆಯೆಂಬುದನ್ನು ಎಲ್ಲರೂ ಬಲ್ಲರು. ಆದರೂ ಆ ಬಸ್ಸುಗಳು ಟಿಕೇಟಿನ ಹಣದಿಂದಲೇ ಡೀಸೆಲ್ ತುಂಬಿಸಬೇಕು. ಇಲ್ಲಿ ಹಾಗಲ್ಲ. ಪ್ರಯಾಣಿಕನಿಂದ ಅಸಲಿಗಿಂತ ಕಡಿಮೆ ಬಾಡಿಗೆ ಪಡೆಯಬೇಕು, ಚಾಲಕನಿಗೆ ಬಾಡಿಗೆಗಿಂತ ಹೆಚ್ಚು ಪ್ರೋತ್ಸಾಹಧನ ಕೊಡಬೇಕು; ನಡುವಿನ ನಷ್ಟವನ್ನು ಹೂಡಿಕೆದಾರರು ಕೊಟ್ಟ ಹಣ ತುಂಬಬೇಕು. ಯಾರ ಗಂಟು ದೊಡ್ಡದೋ ಅವರೇ ಕೊನೆಯವರೆಗೆ ಓಡಬಲ್ಲರು. 2014ರ ಅಕ್ಟೋಬರಿನಲ್ಲಿ ಜಪಾನಿನ ಸಾಫ್ಟ್‌ಬ್ಯಾಂಕ್ ಓಲಾಕ್ಕೆ 21 ಕೋಟಿ ಡಾಲರುಗಳ ಬಂಡವಾಳವನ್ನು ನೀಡಿದಾಗ ಆ ಓಟದ ಗತಿಯೇ ಬದಲಾಯಿತು. ಅದೇ ಡಿಸೆಂಬರಿನಲ್ಲಿ ದೆಹಲಿಯಲ್ಲಿ ನಡೆದ ಒಂದು ಘೋರ ಅಪರಾಧದ ತರುವಾಯ ಅಲ್ಲಿನ ಸರಕಾರ ಮೊಬೈಲ್ ಮೂಲಕ ಕರೆಯುವ ಟ್ಯಾಕ್ಸಿಗಳನ್ನು ನಿಷೇಧಿಸಿತು. ಹೊಸ ಬಂಡವಾಳ ಅರಸುತ್ತಿದ್ದವರಿಗೆ ಅದು ಕೆಟ್ಟ ಕಾಲವಾಗಿತ್ತು.

2015ರ ಮಾರ್ಚಿನಲ್ಲಿ ಟ್ಯಾಕ್ಸಿಫಾರ್‌ಶೂರ್ ಓಲಾದ ಪಾಲಾಯಿತು. ಬೆಲೆ 20 ಕೋಟಿ ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 1,250 ಕೋಟಿ ರೂಪಾಯಿ. ನಾಲ್ಕು ವರ್ಷ ತುಂಬುವ ಮೊದಲೇ ಇಷ್ಟು ಮೌಲ್ಯದ ಸಂಸ್ಥೆ ಕಟ್ಟಿದ ತರುಣರೆಂದು ಲೋಕ ಕೊಂಡಾಡಿತು. ಆದರೆ 2016ರ ಆಗಸ್ಟಿನಲ್ಲಿ ಓಲಾ ಆ ಸಂಸ್ಥೆಯನ್ನು ಮುಚ್ಚಿತು. ನೂರಾರು ಮಂದಿ ಕೆಲಸ ಕಳೆದುಕೊಂಡರು. ಹೆತ್ತು ಹೆಸರಿಟ್ಟ ಕೂಸು ಬೇರೆ ಮನೆಯಲ್ಲಿ ಕಣ್ಣುಮುಚ್ಚಿದಂತಾಯಿತು. ಇದನ್ನು ಗೆಲುವೆನ್ನಬೇಕೋ ಸೋಲೆನ್ನಬೇಕೋ? ಹಣದ ಲೆಕ್ಕದಲ್ಲಿ ಗೆಲುವು. ಕೊಟ್ಟ ಮಾತಿನ ಲೆಕ್ಕದಲ್ಲಿ ಸೋಲು. ಒಂದೇ ಕಥೆಯಲ್ಲಿ ಎರಡೂ ಇರಬಲ್ಲವು ಎಂಬುದನ್ನು ಯಶಸ್ಸಿನ ಕಥೆ ಹೇಳುವವರು ಸಾಮಾನ್ಯವಾಗಿ ಮರೆಯುತ್ತಾರೆ.

ರಘುನಂದನ್ ಮುಂದೆ ಝೋಲ್ವ್ ಎಂಬ ಹಣಕಾಸು ಸೇವೆಯ ಸಂಸ್ಥೆಯನ್ನು ಸ್ಥಾಪಿಸಿದರು. ಅಪ್ರಮೇಯರು ಮಯಾಂಕ್ ಬಿದಾವತ್ಕಾ ಅವರೊಡನೆ ಸೇರಿ ಮೊದಲು ಭಾರತೀಯ ಭಾಷೆಗಳಲ್ಲಿ ಪ್ರಶ್ನೋತ್ತರಕ್ಕಾಗಿ ವೋಕಲ್ ಎಂಬುದನ್ನು ಕಟ್ಟಿದರು. ಬಳಿಕ 2020ರಲ್ಲಿ 'ಕೂ' ಎಂಬ ಸಾಮಾಜಿಕ ಜಾಲತಾಣ ಜನರ ಮುಂದೆ ಬಂತು. ಟ್ವಿಟರಿನಲ್ಲಿ ಇಂಗ್ಲಿಷ್ ಬಲ್ಲವರದೇ ಮೇಲುಗೈ; ತಾಯ್ನುಡಿಯೊಂದನ್ನೇ ಬಲ್ಲವನೂ ತನ್ನ ಮನದ ಮಾತನ್ನು ಹೇಳುವಂತಾಗಲಿ ಎಂಬುದು ಅದರ ಉದ್ದೇಶ. ಅದು ಮೊದಲು ಮಾತನಾಡಿದ್ದು ಕನ್ನಡದಲ್ಲಿ ಎಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿ. ಅದೇ ವರ್ಷ ಕೇಂದ್ರ ಸರಕಾರದ ಆತ್ಮನಿರ್ಭರ ಆ್ಯಪ್ ಸ್ಪರ್ಧೆಯಲ್ಲಿ ಅದಕ್ಕೆ ಬಹುಮಾನ ದೊರೆಯಿತು. 2021ರ ಫೆಬ್ರವರಿಯಲ್ಲಿ ಸರಕಾರಕ್ಕೂ ಟ್ವಿಟರಿಗೂ ಜಟಾಪಟಿ ನಡೆದಾಗ ಸಚಿವರು, ಇಲಾಖೆಗಳು ಈ ಹಳದಿ ಹಕ್ಕಿಯ ಕಡೆಗೆ ಹೊರಳಿದರು. ಆ ವರ್ಷದ ಮೇ ತಿಂಗಳಿನಲ್ಲಿ 3 ಕೋಟಿ ಡಾಲರುಗಳ ಬಂಡವಾಳ ಬಂತು. 2022ರ ನವೆಂಬರಿನಲ್ಲಿ ಹಕ್ಕಿ ಬ್ರೆಜಿಲ್ ದೇಶಕ್ಕೂ ಹಾರಿತು. ಅಲ್ಲಿನ ಪೋರ್ಚುಗೀಸ್ ಕಿವಿಗೆ ಆ ಹೆಸರು ಅಪಹಾಸ್ಯದ ಮಾತಾಗಿ ಕೇಳಿಸಿದರೂ ಎರಡೇ ದಿನಗಳಲ್ಲಿ 10 ಲಕ್ಷ ಮಂದಿ ಅದನ್ನು ಇಳಿಸಿಕೊಂಡರು.

ಇಷ್ಟೆಲ್ಲ ಆದ ಮೇಲೂ ಅದು ಉಳಿಯಲಿಲ್ಲ. ಇಂಥ ಜಾಲತಾಣ ಆದಾಯ ಕಾಣಬೇಕಾದರೆ ಮೊದಲು ವರುಷಗಟ್ಟಲೆ ಜನರನ್ನು ಕೂಡಿಸಬೇಕು. ಜನ ಕೂಡಿದಷ್ಟೂ ಯಂತ್ರಗಳ ವೆಚ್ಚ ಏರುತ್ತದೆ. ಆ ವೆಚ್ಚವನ್ನು ಅಷ್ಟು ಕಾಲ ಭರಿಸುವ ಬಂಡವಾಳ ಬೇಕು. ದಿನವೊಂದಕ್ಕೆ ಸುಮಾರು 21 ಲಕ್ಷ ಮಂದಿ ಬಳಸುವ ಮಟ್ಟಕ್ಕೆ 'ಕೂ' ಏರಿದ ಹೊತ್ತಿನಲ್ಲೇ, 2022ರಲ್ಲಿ, ಜಗತ್ತಿನಾದ್ಯಂತ ಹೂಡಿಕೆದಾರರು ಕೈ ಬಿಗಿಹಿಡಿದರು. 2023ರ ಏಪ್ರಿಲಿನಲ್ಲಿ ಸಿಬ್ಬಂದಿಯಲ್ಲಿ ನೂರಕ್ಕೆ ಮೂವತ್ತರಷ್ಟು ಮಂದಿಯನ್ನು ಬಿಡಬೇಕಾಯಿತು. ಸಂಸ್ಥೆಯನ್ನು ಬೇರೆಯವರೊಡನೆ ಸೇರಿಸುವ ಮಾತುಕತೆಗಳೂ ಫಲಿಸಲಿಲ್ಲ. 2024ರ ಜುಲೈ 3ರಂದು ಸ್ಥಾಪಕರಿಬ್ಬರೂ ತಮ್ಮ ಹೆಸರಿನಲ್ಲೇ ಪ್ರಕಟಣೆ ಹೊರಡಿಸಿ ಜಾಲತಾಣವನ್ನು ಮುಚ್ಚುವುದಾಗಿ ತಿಳಿಸಿದರು. ಎಲ್ಲಿ ಎಡವಿತು, ಯಾವ ಮಾತುಕತೆ ಮುರಿಯಿತು, ವೆಚ್ಚ ಏಕೆ ತಾಳಲಿಲ್ಲ ಎಂಬುದನ್ನು ಬಿಚ್ಚಿಟ್ಟರು. ಜತೆಗಿದ್ದವರಿಗೆ ಕೃತಜ್ಞತೆ ಹೇಳಿದರು. ಸೋಲನ್ನು ಬಚ್ಚಿಡದೆ ಹಗಲು ಬೆಳಕಿನಲ್ಲಿ ಇಳಿಸಿಟ್ಟರು. ಕೆಲಸ ಕಳೆದುಕೊಂಡವರ ನೋವು ಅದರಿಂದ ಅಳಿಯಲಿಲ್ಲ, ನಿಜ. ಆದರೆ ಹೊತ್ತ ಹೊರೆಯನ್ನು ಇನ್ನು ಹೊರಲಾರೆನೆಂದು ನಾಲ್ವರ ಮುಂದೆ ಹೇಳಲು ಹೊತ್ತು ನಡೆಯುವುದಕ್ಕಿಂತ ಹೆಚ್ಚಿನ ಎದೆಗಾರಿಕೆ ಬೇಕು.

ಶರಣರ ಲೋಕದಲ್ಲಿ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಪ್ರಸಂಗವನ್ನು ಅರಿಯದವರಿಲ್ಲ. ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಸಂತೋಷಪಡಲಿಲ್ಲ. ಮಿಕ್ಕುದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳುಹಿಸಿದಳು. ಈ ಪ್ರಸಂಗ ಬಡತನವನ್ನು ಹೊಗಳುವುದಕ್ಕಾಗಿ ಇರುವುದಲ್ಲ. ಇಷ್ಟು ಸಾಕು ಎಂದು ಹೇಳಬಲ್ಲವರು ಮನೆಯಲ್ಲಿ ಒಬ್ಬರಾದರೂ ಇರಬೇಕು ಎಂಬುದು ಅದರ ತಿರುಳು. ಬೆಳೆಯದಿದ್ದರೆ ಸಾವು ಎಂಬ ನಿಯಮದ ಮೇಲೆ ನಿಂತ ಇಂದಿನ ಉದ್ಯಮದಲ್ಲಿ 'ಸಾಕು' ಎಂಬ ಪದಕ್ಕೆ ಎಡೆಯಿಲ್ಲ. ಅದನ್ನು ಹೇಳುವ ಲಕ್ಕಮ್ಮನೂ ಬಳಿಯಲ್ಲಿ ಇಲ್ಲದಿದ್ದರೆ ಹೊರೆ ಹೆಗಲಿಳಿಯುವ ಬಗೆಯೆಂತು?

ಇನ್ನು ದಕ್ಷಿಣದ ನೇತ್ರಾವತಿ. ಕಾಫಿ ಡೇ ಸಂಸ್ಥಾಪಕ ವಿ.ಜಿ. ಸಿದ್ಧಾರ್ಥ ಚಿಕ್ಕಮಗಳೂರಿನ ಕಾಫಿ ತೋಟದ ಮನೆತನದವರು. ಮಂಗಳೂರಿನಲ್ಲಿ ಅರ್ಥಶಾಸ್ತ್ರ ಓದಿದವರು. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಅವರು ತೆರೆದ ಮೊದಲ ಕೆಫೆ ಬರಿಯ ಕಾಫಿಯ ಅಂಗಡಿಯಾಗಿರಲಿಲ್ಲ. ಅಂತರಜಾಲವೆಂದರೇನೆಂದು ಹೆಚ್ಚಿನವರು ಅರಿಯದ ಕಾಲದಲ್ಲಿ ಕಾಫಿಯ ಜತೆಗೆ ಅಂತರಜಾಲವನ್ನೂ ಒದಗಿಸಿದ ತಾಣವಾಗಿತ್ತು. 1999ರಲ್ಲಿ ಮೈಂಡ್‌ಟ್ರೀ ಹುಟ್ಟಿದಾಗ ಅದಕ್ಕೆ ಮೊದಲಿಗರಾಗಿ ಬಂಡವಾಳ ಹಾಕಿದವರಲ್ಲಿ ಅವರೊಬ್ಬರು. 2015ರಲ್ಲಿ ಕಾಫಿ ಡೇ ಷೇರುಪೇಟೆಗೆ ಬಂದು 1,150 ಕೋಟಿ ರೂಪಾಯಿ ಸಂಗ್ರಹಿಸಿತು. ದೇಶದಾದ್ಯಂತ ಕೆಫೆಗಳ ಸಂಖ್ಯೆ 1,700ನ್ನು ಮೀರಿತು. ಆದರೆ ಒಳಗೆ ಸಾಲ ಬೆಳೆಯುತ್ತಿತ್ತು. 2019ರ ಮಾರ್ಚ್ ವೇಳೆಗೆ ಸಮೂಹದ ಸಾಲ ಸುಮಾರು 7,200 ಕೋಟಿ ರೂಪಾಯಿ. ಮೈಂಡ್‌ಟ್ರೀಯ ತಮ್ಮ ಪಾಲನ್ನು ಮೂರು ಸಾವಿರ ಕೋಟಿಗೂ ಮಿಗಿಲಾದ ಮೊತ್ತಕ್ಕೆ ಮಾರಿದ ಮೇಲೂ ಋಣ ತೀರಲಿಲ್ಲ.

2019ರ ಜುಲೈ 29ರ ಸಂಜೆ ಅವರು ಮಂಗಳೂರಿನಲ್ಲಿ ಕಾಣೆಯಾದರು. ಮಳೆಗಾಲದ ತುಂಬು ಹೊಳೆಯಲ್ಲಿ ರಕ್ಷಣಾ ಪಡೆಗಳೊಡನೆ ಸ್ಥಳೀಯ ಮೀನುಗಾರರೂ ಹುಡುಕಿದರು. 31ರ ಮುಂಜಾನೆ ಹೊಯಿಗೆಬಜಾರಿನ ಬಳಿ ಅವರ ದೇಹ ಸಿಕ್ಕಿತು. ಅವರದೆಂದು ಪ್ರಕಟವಾದ ಪತ್ರದಲ್ಲಿ ಲಾಭದ ಹಾದಿಯನ್ನು ರೂಪಿಸಲು ತಾನು ಸೋತೆನೆಂಬ, ತಪ್ಪುಗಳಿಗೆಲ್ಲ ತಾನೊಬ್ಬನೇ ಹೊಣೆಯೆಂಬ, ಯಾರನ್ನೂ ವಂಚಿಸುವ ಇಚ್ಛೆ ತನಗಿರಲಿಲ್ಲವೆಂಬ ಮಾತುಗಳಿದ್ದವು. ಅನಂತರ ಸಂಸ್ಥೆಯೇ ನಡೆಸಿದ ತನಿಖೆ, ಸುಮಾರು 2,700 ಕೋಟಿ ರೂಪಾಯಿ ಅವರ ಖಾಸಗಿ ಸಂಸ್ಥೆಯೊಂದರಿಂದ ಬರಬೇಕಾಗಿದೆಯೆಂದು 2020ರಲ್ಲಿ ತಿಳಿಸಿತು. ಆದ್ದರಿಂದ ಇಲ್ಲಿ ಬರಿಯ ಹೊಗಳಿಕೆಯೂ ಸಲ್ಲದು, ಬರಿಯ ದೂಷಣೆಯೂ ಸಲ್ಲದು. ಒಬ್ಬ ಮನುಷ್ಯನ ಅಂತ್ಯಕ್ಕೆ ಇದೇ ಕಾರಣವೆಂದು ಹೊರಗಿನವರು ಬೆರಳು ತೋರುವುದೂ ತರವಲ್ಲ. ಇಷ್ಟನ್ನು ಮಾತ್ರ ಹೇಳಬಹುದು: ಸಾವಿರಾರು ಮಂದಿಗೆ ಅನ್ನದ ದಾರಿ ತೋರಿದವರು, ನಾಡೆಲ್ಲ ಬಲ್ಲ ಮುಖ, ಆ ಸಂಜೆ ತೀರ ಒಂಟಿಯಾಗಿದ್ದರು.

ಮುಂದಿನ ಕಥೆಯನ್ನೂ ನೆನೆಯಬೇಕು. ಅವರ ಪತ್ನಿ ಮಾಳವಿಕಾ ಹೆಗ್ಡೆ 2020ರ ಡಿಸೆಂಬರಿನಲ್ಲಿ ಸಂಸ್ಥೆಯ ಹೊಣೆ ಹೊತ್ತರು. ಬೆಂಗಳೂರಿನ ತಂತ್ರಜ್ಞಾನ ಪಾರ್ಕನ್ನು ಅದಕ್ಕೂ ಮುನ್ನವೇ ಮಾರಲಾಗಿತ್ತು, ಲಾಭವಿಲ್ಲದ ಕೆಫೆಗಳನ್ನು ಮುಚ್ಚಲಾಯಿತು. 2021ರ ಮಾರ್ಚ್ ವೇಳೆಗೆ ಸಾಲ 1,800 ಕೋಟಿ ರೂಪಾಯಿಯೊಳಗೆ ಇಳಿಯಿತು. ಆ ಮೇಲೂ ದಂಡ, ದಾವೆ, ದಿವಾಳಿತನದ ಅರ್ಜಿಗಳು ತಪ್ಪಲಿಲ್ಲ. ಆದರೂ ಬೆಟ್ಟದಂಥ ಸಾಲವನ್ನು ಅಗೆಯಬಹುದು, ಅದು ಒಂದೊಂದೇ ಬುಟ್ಟಿಯಾಗಿ ಕರಗುತ್ತದೆ ಎಂಬುದು ಸಿದ್ಧವಾಯಿತು. ಸಾಲಕ್ಕೆ ಕಂತುಗಳಿವೆ, ಕಾನೂನಿದೆ, ಮಾತುಕತೆಯಿದೆ. ಹೋದ ಜೀವಕ್ಕೆ ಇವು ಯಾವುವೂ ಇಲ್ಲ.

ಸಂಸ್ಥೆಗಳಿಗೂ ಆಯುಷ್ಯವುಂಟೆಂಬುದನ್ನು ಮಂಗಳೂರು ಚೆನ್ನಾಗಿ ಬಲ್ಲದು. 1931ರಲ್ಲಿ ಈ ಊರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕು 2019ರ ಏಪ್ರಿಲಿನಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿ ಲೀನವಾಯಿತು. ಅದರ ನೆರವಿನಿಂದ ಮನೆ ಕಟ್ಟಿದವರ ಮನೆಗಳು ಅದರಿಂದ ಬೀಳಲಿಲ್ಲ. ಕಟ್ಟಿದ್ದು ಮುಚ್ಚಿತೆಂದ ಮಾತ್ರಕ್ಕೆ ಕಟ್ಟಿದ ಕಾಲವೂ ಕಟ್ಟಿದವನೂ ಸುಳ್ಳಾಗುವುದಿಲ್ಲ. ಆದರೆ ಈ ಮಾತು ಮದುವೆಯ ಪಂಕ್ತಿಯಲ್ಲಿ ನೆನಪಾಗುವುದು ಅಪರೂಪ. ಎಲೆಯ ಮುಂದೆ ಕುಳಿತ ಹಿರಿಯರೊಬ್ಬರು "ನಿಮ್ಮ ಮಗ ಈಗ ಎಂತ ಮಾಡ್ತಾನೆ? ಆ ಕಂಪೆನಿ ಮುಚ್ಚಿತಂತಲ್ಲ?" ಎಂದು ಕೇಳುತ್ತಾರೆ. ಕೇಳಿದವರ ಮನದಲ್ಲಿ ಕೇಡಿರಲಾರದು. ಆದರೆ ಆ ಪ್ರಶ್ನೆಯ ಭಯದಿಂದಲೇ ಎಷ್ಟೋ ಮಕ್ಕಳು ಹಬ್ಬಕ್ಕೂ ಊರಿಗೆ ಬರುವುದಿಲ್ಲ. ತಿಂಗಳ ಬಾಡಿಗೆಗೆ ಹಣವಿಲ್ಲದಿದ್ದರೂ ದೂರವಾಣಿಯಲ್ಲಿ "ಎಲ್ಲ ಚೆನ್ನಾಗಿದೆ ಅಮ್ಮ" ಎನ್ನುತ್ತಾರೆ. ಆ ದನಿಯ ಹಿಂದಿನ ದಣಿವನ್ನು ತಾಯಿ ಗುರುತಿಸಬೇಕು. ಲೆಕ್ಕ ಕೇಳುವ ಮುನ್ನ ಊಟವಾಯಿತೇ ಎಂದು ತಂದೆ ಕೇಳಬೇಕು. ಸೋತೆನೆಂದು ಮಗ ಹೇಳಿದ ದಿನ ಮನೆಯ ಬಾಗಿಲು ಎಂದಿಗಿಂತ ಅಗಲವಾಗಿ ತೆರೆದಿರಬೇಕು. ಮನಸ್ಸು ತೀರ ಕುಗ್ಗಿ ಬದುಕು ಬೇಡವೆನಿಸಿದವರು ಹಗಲಿರುಳೆನ್ನದೆ ಮಾತನಾಡಲು ಸರಕಾರದ ಟೆಲಿ ಮನಸ್ ಸಹಾಯವಾಣಿ, 14416, ಇದೆ; ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು. ವೈದ್ಯರ ನೆರವು ಪಡೆಯುವುದು ಜ್ವರಕ್ಕೆ ಔಷಧ ಪಡೆದಷ್ಟೇ ಸಹಜ.

ನೇತ್ರಾವತಿಯ ಸೇತುವೆಯ ಅಂಚಿಗೆ ಈಗ ಎತ್ತರದ ತಂತಿಬಲೆ ಕಟ್ಟಲಾಗಿದೆ. ಅದು ಬೇಕಾದದ್ದೇ, ಒಳ್ಳೆಯದೇ. ಆದರೆ ಸೇತುವೆಯವರೆಗೆ ಬರುವ ಮುನ್ನವೇ ಮನುಷ್ಯನನ್ನು ತಡೆದು ನಿಲ್ಲಿಸಬೇಕಾದ ಬಲೆ ಬೇರೊಂದಿದೆ. ಮನೆಯವರ ಒಂದು ಕರೆ, ಗೆಳೆಯನ ಒಂದು ಭೇಟಿ, ಜತೆಗೆ ಕುಳಿತು ಸಾಲದ ಕಾಗದಗಳನ್ನು ಬಿಚ್ಚಿ ನೋಡುವ ಒಂದು ಸಂಜೆ, ಇವೇ ಅದರ ಎಳೆಗಳು. ಗೆದ್ದವರನ್ನು ಸನ್ಮಾನಿಸಲು ಸಭೆಗಳಿವೆ, ಹಾರಗಳಿವೆ. ಸೋತು ಬಂದವರಿಗೆ ಹಾರ ಬೇಕಿಲ್ಲ. ಕುಳಿತುಕೊಳ್ಳಲು ಒಂದು ಮಣೆ, ಕುಡಿಯಲು ಒಂದು ಲೋಟ ನೀರು, "ಬಂದೆಯಾ, ಒಳ್ಳೆಯದಾಯಿತು" ಎಂಬ ಒಂದು ಮಾತು ಸಾಕು.