ಮಗನ ಊರು ಎಷ್ಟು ದೂರ?

ಹಿಂದೆ ಮಗಳನ್ನು ಕೊಡುವಾಗ ನಮ್ಮ ಹಿರಿಯರು ಬೀಗರ ಊರಿನ ದೂರವನ್ನು ತಪ್ಪದೆ ವಿಚಾರಿಸುತ್ತಿದ್ದರು. ಬೆಳಗ್ಗೆ ಚಕ್ಕಡಿ ಕಟ್ಟಿದರೆ ಹೊತ್ತು ಮುಳುಗುವುದರೊಳಗೆ ತಲುಪುವಂತಿದ್ದರೆ ಅದು ಹತ್ತಿರದ ಬೀಗತನ. ಬಾಯಲ್ಲಿ ಹರದಾರಿಯ ಮಾತಿದ್ದರೂ ಮನಸ್ಸಿನಲ್ಲಿ ಅವರು ಅಳೆಯುತ್ತಿದ್ದುದು ಹೊತ್ತನ್ನು. ಮಕ್ಕಳು ಪರದೇಶದಲ್ಲಿ ನೆಲೆಸಿರುವ ಇಂದಿನ ಮನೆಗಳಲ್ಲಿಯೂ ಲೆಕ್ಕ ಹೊತ್ತಿನದೇ ಆಗಿದೆ.

ನಾವಿರುವುದು ಧಾರವಾಡದಲ್ಲಿ, ನಮ್ಮ ಮಗನಿರುವುದು ಅಮೆರಿಕೆಯ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಬೆಂಗಳೂರಿನಿಂದ ಆ ನಗರಕ್ಕೆ ಆಕಾಶಮಾರ್ಗದ ದೂರ ಸುಮಾರು 14,000 ಕಿಲೋಮೀಟರು. ಗೋಡೆಯ ಭೂಪಟದ ಮೇಲೆ ಗೆರೆ ಎಳೆದರೆ ಈ ದಾರಿ ಸಿಕ್ಕದು. ದುಂಡಗಿನ ಭೂಗೋಳದ ಮೇಲೆ ದಾರವನ್ನು ಬಿಗಿಯಾಗಿ ಹಿಡಿದು ನೋಡಿದರೆ ಅದು ಉತ್ತರ ಧ್ರುವವಲಯದ ಹಿಮಪ್ರದೇಶದ ಮೇಲಿಂದ ಹಾಯ್ದು ಹೋಗುತ್ತದೆ.

2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರವಾಲ್ ಅವರ ನೇತೃತ್ವದಲ್ಲಿ ಮಹಿಳೆಯರೇ ನಡೆಸಿದ ಏರ್ ಇಂಡಿಯಾ ವಿಮಾನವೊಂದು ಅಲ್ಲಿಂದ ಧ್ರುವದ ಮಾರ್ಗವಾಗಿ, ಎಲ್ಲಿಯೂ ಇಳಿಯದೆ, ಬೆಂಗಳೂರಿಗೆ ಬಂದಿತು. ಹಿಡಿದ ಕಾಲ ಸುಮಾರು 17 ಗಂಟೆ. ಆದರೂ 9ರ ರಾತ್ರಿ ಹೊರಟವರು ಇಲ್ಲಿ ಇಳಿದುದು 11ರ ನಸುಕಿನಲ್ಲಿ! ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿನದಕ್ಕಿಂತ 13 ಗಂಟೆ 30 ನಿಮಿಷ ಮುಂದಿರುವುದೇ ಇದಕ್ಕೆ ಕಾರಣ.

ಆದರೆ ಈ 17 ಗಂಟೆ ಬರಿಯ ಹಾರಾಟದ್ದು. ಟಿಕೆಟು ದೊರೆಯಬೇಕು, ಮೂರು ಗಂಟೆ ಮುಂಚಿತವಾಗಿ ನಿಲ್ದಾಣ ಸೇರಬೇಕು, ನೇರ ವಿಮಾನವಿಲ್ಲದಿದ್ದರೆ ನಡುವೆ ಮತ್ತೊಂದು ದೇಶದಲ್ಲಿಳಿದು ಕಾಯಬೇಕು. ಬೆಂಗಳೂರಿನಲ್ಲಿ ಇಳಿದ ಮೇಲೆಯೂ ಧಾರವಾಡಕ್ಕೆ 400 ಕಿಲೋಮೀಟರಿಗೂ ಮಿಕ್ಕಿದ ಹಾದಿಯುಂಟು. ಇವೆಲ್ಲ ಕೂಡಿದರೆ ಮನೆಯ ಬಾಗಿಲಿಗೆ ಬರಲು ಒಂದೂವರೆ ದಿನವಾದರೂ ಬೇಕು.

ನಮ್ಮ ಮಾತೋಶ್ರೀಯವರು ಲಿಂಗೈಕ್ಯರಾದ ರಾತ್ರಿ ಈ ಲೆಕ್ಕ ನಮ್ಮೆದುರು ಬಂದು ನಿಂತಿತು. ಸಮಾಧಿ ಕ್ರಿಯೆ ಮರುದಿನವೇ ಆಗಬೇಕು. ಮೊಮ್ಮಗ ಎಷ್ಟು ಅವಸರ ಮಾಡಿದರೂ ಬರುವುದು ಅದರಾಚೆಯ ದಿನ. ಬಂಧುಗಳಲ್ಲಿ ಕೆಲವರು ಕಾಯೋಣವೆಂದರು, ಕೆಲವರು ಬೇಡವೆಂದರು. ಆದರೆ ಮಾತೋಶ್ರೀಯವರು ಹಿಂದಿನ ವರ್ಷ ಅವನು ರಜೆಗೆ ಬಂದಿದ್ದಾಗಲೇ ಎಲ್ಲರೆದುರು ಹೇಳಿದ್ದರು: “ನಾ ಹೋದ ಮ್ಯಾಲೆ ಓಡಿ ಬರಬ್ಯಾಡಪಾ. ನಾ ಇದ್ದಾಗ ಬಂದು, ಕೂಡಿ ಉಂಡು ಹೋಗು.” ಆ ಮಾತನ್ನು ನೆನಪಿಸಿದಾಗ ಚರ್ಚೆ ಅಲ್ಲಿಗೇ ನಿಂತಿತು. ಕ್ರಿಯೆ ನಡೆದಾಗ ಇಲ್ಲಿ ಸಂಜೆ 4 ಗಂಟೆ. ಅಲ್ಲಿ ರಾತ್ರಿ 2.30. ಮಗ ಫೋನಿನಲ್ಲಿ ನೋಡುತ್ತ ಒಬ್ಬನೇ ಕುಳಿತಿದ್ದನು. ತಿಂಗಳ ಕೊನೆಗೆ ಬಂದು ಸಮಾಧಿಯ ಬಳಿ ಬಹಳ ಹೊತ್ತು ನಿಂತನು, ಅತ್ತನು. ಆದರೆ ತನಗಾಗಿ ಏಕೆ ಕಾಯಲಿಲ್ಲವೆಂದು ಕೇಳಲಿಲ್ಲ.

ವಾಚಕ ಬಂಧುಗಳಲ್ಲಿ ಅನೇಕರ ಮಕ್ಕಳು ಇಂದು ಸಮುದ್ರದಾಚೆ ಇದ್ದಾರೆ. ಅವರ ಪಾಸ್‌ಪೋರ್ಟು, ಪ್ರಯಾಣದ ಕಾಗದಪತ್ರಗಳ ಅವಧಿ ಮುಗಿಯದಂತೆ ನೋಡಿಕೊಳ್ಳುವುದು ಒಳ್ಳೆಯದು. ಮನೆಯ ಹಿರಿಯರು ತಮ್ಮ ಇಚ್ಛೆಯನ್ನು ಮಕ್ಕಳೆಲ್ಲ ಕೂಡಿದ ಒಂದು ದಿನ, ಊಟವಾದ ಮೇಲೆ, ಅಂಜದೆ ತಿಳಿಸಿಬಿಡುವುದು ಇನ್ನೂ ಒಳ್ಳೆಯದು. ದುಃಖದ ರಾತ್ರಿಯಲ್ಲಿ ಆ ನಿರ್ಧಾರದ ಭಾರ ಯಾರೊಬ್ಬರ ಮೇಲೂ ಬೀಳದಿರಲಿ.