ಹಾಲು ತರಲು ಹೋದ ಹುಡುಗಿ

ಕೈಯಲ್ಲಿ ಹಾಲು ಹಿಡಿದು 12 ವರ್ಷದ ಹುಡುಗಿಯೊಬ್ಬಳು ಮೆಟ್ಟಿಲು ಹತ್ತಿ ಬರುತ್ತಾಳೆ. ನ್ಯೂಯಾರ್ಕಿನ ಹಳೆಯ ಕಟ್ಟಡ, ಉದ್ದನೆಯ ಕಾರಿಡಾರು. ಅವಳ ಮನೆಯ ಬಾಗಿಲು ತೆರೆದಿದೆ, ಅಪ್ಪನ ಹೆಣ ಬಿದ್ದಿದೆ, ಕೊಂದವರು ಇನ್ನೂ ಅಲ್ಲೇ ಇದ್ದಾರೆ. ಅವಳು ನಿಲ್ಲುವುದಿಲ್ಲ. ತನ್ನ ಮನೆಯಲ್ಲವೇನೋ ಎಂಬಂತೆ ಮುಂದೆ ನಡೆದು ಪಕ್ಕದವನ ಬಾಗಿಲಿನ ಗಂಟೆ ಒತ್ತುತ್ತಾಳೆ. ಕಣ್ಣಲ್ಲಿ ನೀರು, ತುಟಿಯಲ್ಲಿ ಪಿಸುಮಾತಿನ ಬೇಡಿಕೆ. ಒಳಗಿರುವವನು ಸುಪಾರಿ ಕೊಲೆಗಾರ. ಬಾಗಿಲಿನ ಕಿಂಡಿಗೆ ಕಣ್ಣಿಟ್ಟು ಎಲ್ಲವನ್ನೂ ನೋಡುತ್ತಿದ್ದಾನೆ. ತೆರೆಯಲೋ ಬೇಡವೋ? ತೆರೆದಾಗ ಒಳಗಿನ ಬೆಳಕು ಅವಳ ಮುಖದ ಮೇಲೆ ಬೀಳುತ್ತದೆ.

ಫ್ರಾನ್ಸಿನ ಲ್ಯೂಕ್ ಬೆಸ್ಸನ್ 1994ರಲ್ಲಿ ತೆಗೆದ ‘ಲಿಯೋನ್’ ಚಿತ್ರದ ಈ ದೃಶ್ಯಕ್ಕೆ ನಾನು ಮತ್ತೆ ಮತ್ತೆ ಮರಳಿದ್ದೇನೆ. ಆ ಹಾಲು ಕೊಲೆಗಾರ ಲಿಯೋನ್‌ಗಾಗಿಯೇ ತಂದದ್ದು. ಅಂಗಡಿಗೆ ಹೊರಟಾಗ ನಿನಗೂ ತರಲೇ ಎಂದು ಅವಳೇ ಕೇಳಿದ್ದಳು.

ಕಾಲೇಜಿನ ದಿನಗಳಲ್ಲಿ ಮೊದಲ ಸಲ ನೋಡಿದಾಗ ನನ್ನನ್ನು ಹಿಡಿದದ್ದು ಗುಂಡಿನ ಕಾಳಗ, ನಟ ಗ್ಯಾರಿ ಓಲ್ಡ್‌ಮನ್‌ನ ಭೀಕರ ಅಧಿಕಾರಿ. ಎರಡನೇ ಸಲ ನೋಡುವ ಹೊತ್ತಿಗೆ ಅಣ್ಣನ ಮಗಳು ನನ್ನ ಮನೆಯಲ್ಲಿದ್ದಳು. ಅಣ್ಣನ ಸಂಸಾರ ಒಡೆದು ಅವಳನ್ನು ಎಲ್ಲಿ ಬಿಡುವುದೆಂಬ ಪ್ರಶ್ನೆ ಬಂದಾಗ ನಾನು ತಕ್ಷಣ ಬಾಯಿಬಿಡಲಿಲ್ಲ. ಆ ಮೌನ ಇಂದಿಗೂ ನನ್ನನ್ನು ಚುಚ್ಚುತ್ತದೆ. ಬಂದ ಮೊದಲ ರಾತ್ರಿ, “ಚಿಕ್ಕಪ್ಪ, ಇನ್ನೊಂದು ತಟ್ಟೆ ಇಲ್ವಾ?” ಎಂದಳು. ಇರಲಿಲ್ಲ. ನನ್ನ ತಟ್ಟೆಯನ್ನು ಅವಳಿಗೆ ಕೊಟ್ಟು, ಪಾತ್ರೆಯ ಮುಚ್ಚಳದಲ್ಲಿ ಅನ್ನ ಸಾರು ಕಲಸಿಕೊಂಡು ಉಂಡೆ.

ಅದರಿಂದಲೇ ಇರಬೇಕು, ಲಿಯೋನ್‌ನ ಮನೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಅವನು ಹಾಸಿಗೆಯಲ್ಲಿ ಮಲಗುವುದಿಲ್ಲ, ಕುರ್ಚಿಯಲ್ಲಿ ಕೂತೇ ನಿದ್ದೆ. ಒಂದು ಕುಂಡದ ಗಿಡ. ಬೆಳಿಗ್ಗೆ ಅದನ್ನು ಕಿಟಕಿಯ ಹೊರಗೆ ಬಿಸಿಲಿಗಿಟ್ಟು, ಒಂದೊಂದೇ ಎಲೆ ಒರೆಸುತ್ತಾನೆ. ದುಡಿದ ಹಣವೆಲ್ಲ ಕೆಲಸ ಕೊಡುವ ಹೋಟೆಲ್ ಮಾಲೀಕ ಟೋನಿಯ ಹತ್ತಿರ. ಓದು ಬರಹ ಬಾರದು. ಆ ಹುಡುಗಿ ಮಟಿಲ್ಡಾ ಬಂದ ದಿನ ಅವಳ ಅಳು ನಿಲ್ಲಿಸಲು ಗೊತ್ತಾಗದೆ, ಬಿಸಿ ಪಾತ್ರೆ ಹಿಡಿಯುವ ಹಂದಿ ಮುಖದ ಕೈಗವಸು ತೊಟ್ಟು ಅದರ ಬಾಯಲ್ಲಿ ಮಾತಾಡಿಸುತ್ತಾನೆ. ಅದೇ ರಾತ್ರಿ ಎದ್ದು ಬಂದು, ಮಲಗಿದ ಮಗುವಿನ ತಲೆಗೆ ಪಿಸ್ತೂಲು ಗುರಿಯಿಡುತ್ತಾನೆ. ಸ್ವಲ್ಪ ಹೊತ್ತು ನಿಂತು, ಹಿಂದೆ ಸರಿಯುತ್ತಾನೆ. ಹಂದಿ ಬೊಂಬೆ ಆಡಿಸಿದ್ದೂ ಪಿಸ್ತೂಲು ಹಿಡಿದದ್ದೂ ಒಂದೇ ಕೈ. ಇನ್ನೊಂದು ಜೀವವನ್ನು ಮನೆಯೊಳಗೆ ಬಿಟ್ಟುಕೊಳ್ಳುವ ಹೆದರಿಕೆಯನ್ನು ಇಷ್ಟು ನಿಜವಾಗಿ ತೋರಿಸಿದ ಇನ್ನೊಂದು ಚಿತ್ರವನ್ನು ನಾನು ನೋಡಿಲ್ಲ. ಆಮೇಲೆ ಅವಳು ಅವನಿಗೆ ಅಕ್ಷರ ಕಲಿಸುತ್ತಾಳೆ, ಅವನು ಅವಳಿಗೆ ಬಂದೂಕು ಕಲಿಸುತ್ತಾನೆ. ಕೊಡಲು ಅವನ ಬಳಿ ಬೇರೆ ವಿದ್ಯೆಯಿಲ್ಲವಲ್ಲ ಎಂದು ಸಂಕಟವಾಗುತ್ತದೆ.

ಈ ಚಿತ್ರದಲ್ಲಿ ನಾನು ಒಪ್ಪದ್ದೂ ಇದೆ. ಮಟಿಲ್ಡಾ ಅವನನ್ನು ಪ್ರೀತಿಸುತ್ತೇನೆ ಎನ್ನುವ ಮಾತುಗಳನ್ನು, ಕ್ಯಾಮೆರಾ ಅವಳನ್ನು ದೊಡ್ಡ ಹೆಣ್ಣಿನಂತೆ ನೋಡುವ ಗಳಿಗೆಗಳನ್ನು ಬೆಸ್ಸನ್ ಬಿಡಬೇಕಿತ್ತು. ಆ ಪಾತ್ರ ಮಾಡಿದಾಗ ನಟಾಲಿ ಪೋರ್ಟ್‌ಮನ್‌ಗೂ ಹೆಚ್ಚುಕಡಿಮೆ ಅದೇ ವಯಸ್ಸು. ಚಿತ್ರ ಬಂದ ಮೇಲೆ, 13ನೇ ವಯಸ್ಸಿನಲ್ಲಿ ತೆರೆದ ಮೊದಲ ಅಭಿಮಾನಿ ಪತ್ರದಲ್ಲಿ ಒಬ್ಬ ಗಂಡಸು ತನ್ನ ಅತ್ಯಾಚಾರದ ಕಲ್ಪನೆಯನ್ನು ಬರೆದಿದ್ದ ಎಂದು ಆಕೆ 2018ರಲ್ಲಿ ಸಾರ್ವಜನಿಕ ವೇದಿಕೆಯಲ್ಲೇ ಹೇಳಿದರು. ಅದನ್ನು ತಿಳಿದ ಮೇಲೆ ಆ ದೃಶ್ಯಗಳನ್ನು ನೋಡಲು ನನಗೆ ಆಗುವುದಿಲ್ಲ. ಮಗು ಬಾಗಿಲು ತಟ್ಟಿದ್ದು ಜೀವ ಉಳಿಸಿಕೊಳ್ಳಲು. ಅದಕ್ಕೆ ತಕ್ಕ ಉತ್ತರ ಒಂದು ತಟ್ಟೆ, ಒಂದು ಹಾಸಿಗೆ.

ಕೊನೆಗೆ ಲಿಯೋನ್ ಇಲ್ಲ. ತನ್ನಂತೆಯೇ ಬೇರಿಲ್ಲದ್ದು ಎಂದು ಅವನು ಹೇಳಿಕೊಂಡಿದ್ದ ಆ ಗಿಡವನ್ನು ಮಟಿಲ್ಡಾ ಶಾಲೆಯ ಹುಲ್ಲುಹಾಸಿಗೆ ತರುತ್ತಾಳೆ. ನಿಜವಾಗಿ ಪ್ರೀತಿಯಿದ್ದರೆ ನೆಲದಲ್ಲಿ ನೆಡು ಎಂದು ಅವನಿಗೆ ಹಿಂದೆ ಹೇಳಿದವಳು ಅವಳೇ. ಮಣ್ಣು ತೋಡಿ, ಕುಂಡದಿಂದ ಬಿಡಿಸಿ, ಗಿಡವನ್ನು ಇಳಿಸುತ್ತಾಳೆ. ಕ್ಯಾಮೆರಾ ಮೇಲೇರಿ ಮರಗಳಾಚೆಯ ಊರಿನತ್ತ ಹೊರಡುತ್ತದೆ. ನನ್ನ ಕಣ್ಣು ಮಾತ್ರ ಕೆಳಗೇ ಉಳಿಯುತ್ತದೆ, ಆ ಹಸಿ ಮಣ್ಣಿನ ಬಳಿ.