ಆಗುಂಬೆ ಇಳಿಜಾರಿನಲ್ಲಿ ಒಂದು ಲೋಟ ಪೆಟ್ರೋಲು

ತೀರ್ಥಹಳ್ಳಿಯಿಂದ ಉಡುಪಿಗೆ ಹೊರಟ ದಾರಿ ಆಗುಂಬೆಯವರೆಗೆ ಸಾಧುವಾಗಿಯೇ ಇರುತ್ತದೆ. ಊರು ದಾಟಿತೋ ಇಲ್ಲವೋ, ರಸ್ತೆ ಥಟ್ಟನೆ ಕೆಳಕ್ಕೆ ಬಾಗುತ್ತದೆ. ಒಂದರ ಕೆಳಗೊಂದರಂತೆ ಹದಿನಾಲ್ಕು ಹೇರ್‌ಪಿನ್ ತಿರುವುಗಳು. ಸೂರ್ಯಾಸ್ತ ನೋಡುವ ಕಟ್ಟೆಯ ಮೇಲೆ ನಿಂತರೆ ಮೋಡವಿಲ್ಲದ ಸಂಜೆ ದೂರದಲ್ಲಿ ಅರಬ್ಬಿ ಸಮುದ್ರ ಹೊಳೆಯುತ್ತದೆ. ಕೆಳಗೆ ಸೋಮೇಶ್ವರದ ಕಾಡು. ಅರ್ಧ ಕಿಲೋಮೀಟರಿಗೂ ಹೆಚ್ಚಿನ ಎತ್ತರವನ್ನು ಈ ಸಣ್ಣ ದಾರಿ ಇಳಿದು ಮುಗಿಸುತ್ತದೆ.

ಕಾರಿನ ಪೆಟ್ರೋಲ್ ಮುಳ್ಳು ಕೆಂಪು ಗೆರೆ ಮುಟ್ಟಿದ್ದರೆ ಈ ಸೊಬಗೆಲ್ಲ ಕಣ್ಣಿಗೆ ಬೀಳುವುದಿಲ್ಲ. ಘಾಟಿಯೊಳಗೆ ಬಂಕ್ ಇಲ್ಲ. ಹೆಬ್ರಿ ಇನ್ನೂ ದೂರ. ಆಗ ಚಾಲಕನ ಸೀಟಿನಲ್ಲಿರುವ ಅಪ್ಪನಿಗೆ ಹಳೆಯ ಉಪಾಯವೊಂದು ನೆನಪಾಗುತ್ತದೆ: 'ಹೇಗೂ ಇಳಿಜಾರು, ನ್ಯೂಟ್ರಲ್‌ಗೆ ಹಾಕಿದರಾಯಿತು. ಇಂಜಿನ್ನನ್ನೇ ಆರಿಸಿಬಿಟ್ಟರೆ ಇನ್ನೂ ಉಳಿತಾಯ!'

ಈ ಉಪಾಯ ಹುಟ್ಟಿದ್ದು ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ. ಅವುಗಳ ಕಾರ್ಬುರೇಟರು, ಗೇರಿನಲ್ಲಿ ಇಳಿಯುವಾಗಲೂ ಇಂಜಿನ್ ಸುತ್ತಿದಷ್ಟೂ ಸ್ವಲ್ಪ ಸ್ವಲ್ಪ ಪೆಟ್ರೋಲನ್ನು ಕುಡಿಸುತ್ತಲೇ ಇತ್ತು. ನ್ಯೂಟ್ರಲ್‌ನಲ್ಲಿ ಅಷ್ಟಿಷ್ಟು ಉಳಿಯುತ್ತಿದ್ದುದು ನಿಜ. ಇಂದಿನ ಕಾರುಗಳಲ್ಲಿ ಇರುವುದು ಫ್ಯೂಯಲ್ ಇಂಜೆಕ್ಷನ್. 2020ರಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಹೊಸ ಬೈಕುಗಳಿಗೂ ಅದೇ ಬಂದಿದೆ. ಗೇರಿನಲ್ಲಿ ಇಳಿಯುತ್ತ ಆಕ್ಸಿಲರೇಟರಿನಿಂದ ಕಾಲು ತೆಗೆದರೆ, ಕಾರಿನ ಕಂಪ್ಯೂಟರು ಪೆಟ್ರೋಲನ್ನು ಪೂರ್ತಿ ನಿಲ್ಲಿಸುತ್ತದೆ. ಚಕ್ರಗಳೇ ಇಂಜಿನ್ನನ್ನು ತಿರುಗಿಸುತ್ತವೆ. ಅದೇ ನ್ಯೂಟ್ರಲ್‌ಗೆ ಹಾಕಿದರೆ ಇಂಜಿನ್ ಆರದಂತೆ ಉರಿಯಲು ಪೆಟ್ರೋಲು ಬೇಕೇ ಬೇಕು: ಚಿಕ್ಕ ಕಾರಿಗೆ ಗಂಟೆಗೆ ಮುಕ್ಕಾಲು ಲೀಟರಿನ ಆಸುಪಾಸು. ಇಪ್ಪತ್ತು ನಿಮಿಷದ ಘಾಟಿಯಲ್ಲಿ ಅದು ಕಾಲು ಲೀಟರು, ಅಂದರೆ ಒಂದು ದೊಡ್ಡ ಲೋಟ. ಉಳಿಸಲು ಹೋಗಿ ಕಳೆದುಕೊಂಡಂತಾಯಿತು!

ಇಂಜಿನ್ ಆರಿಸಿದರೆ ಆ ಲೋಟ ಉಳಿಯುತ್ತದೆಯಲ್ಲ ಎನ್ನಬಹುದು. ಗೇರಿನಲ್ಲಿ ಇಳಿದರೂ ಉಳಿಯುವುದು ಅಷ್ಟೇ. ಆರಿಸಿದ್ದಕ್ಕೆ ತೆರುವ ಬೆಲೆ ಮಾತ್ರ ಬೇರೆ. ಬ್ರೇಕಿಗೆ ಬಲ ಕೊಡುವ ನಿರ್ವಾತ ಎರಡು ಮೂರು ಒತ್ತಿಗೆ ಮುಗಿದು, ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಪವರ್ ಸ್ಟೀರಿಂಗ್ ಭಾರವಾಗುತ್ತದೆ. ಕೀ ಹೊರಗೆ ಬಂದರಂತೂ ಸ್ಟೀರಿಂಗ್ ಬೀಗ ಬೀಳಬಹುದು. ಮುಂದೆ ಇರುವುದು ಹೇರ್‌ಪಿನ್ ತಿರುವು!

ವಿದ್ಯಾರ್ಥಿಗಳು ಪಠ್ಯದಲ್ಲಿ ಓದಿದ ಸ್ಥಿತಿಶಕ್ತಿಯ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ. ಒಂದು ಟನ್ ತೂಕದ ಕಾರು 500 ಮೀಟರ್ ಕೆಳಗಿಳಿದಾಗ ಬಿಡುಗಡೆಯಾಗುವ ಶಕ್ತಿ ಸುಮಾರು 49 ಲಕ್ಷ ಜೂಲ್. ಹದಿನಾರು ಲೀಟರ್ ತಣ್ಣೀರನ್ನು, ಅಂದರೆ ಒಂದು ಕೊಡ ನೀರನ್ನು, ಕುದಿಯುವ ಮಟ್ಟಕ್ಕೆ ತರಲು ಅಷ್ಟು ಸಾಕು. ನ್ಯೂಟ್ರಲ್‌ನಲ್ಲಿ ಇಳಿದರೆ ಈ ಕಾವಿನ ಬಹುಭಾಗವನ್ನು ಬ್ರೇಕುಗಳೇ ಹೊರಬೇಕು. ಕಾದು ಕಾದು ಅವುಗಳ ಹಿಡಿತ ಸಡಿಲವಾಗುತ್ತದೆ. ಘಾಟಿಯಲ್ಲಿ ಮೂಗಿಗೆ ಬಡಿಯುವ ಸುಟ್ಟ ವಾಸನೆ ಅದರ ಮುನ್ಸೂಚನೆ. ಎರಡನೆಯ ಗೇರಿನಲ್ಲಿದ್ದರೆ ಇಂಜಿನ್ನೇ ಕಾರನ್ನು ಹಿಡಿದು ನಿಲ್ಲಿಸುತ್ತ ಭಾರ ಹಂಚಿಕೊಳ್ಳುತ್ತದೆ. ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು ಎಂಬುದು ಘಟ್ಟದ ಚಾಲಕರ ಹಳೆಯ ಪಾಠ.

ಮುಳ್ಳನ್ನೂ ಇಲ್ಲಿ ಪೂರ್ತಿ ನಂಬುವಂತಿಲ್ಲ. ಇಳಿಜಾರಿನಲ್ಲಿ ಟ್ಯಾಂಕಿನ ತಳದ ಪೆಟ್ರೋಲು ಮುಂದಕ್ಕೆ ಜಾರುತ್ತದೆ, ತಿರುವಿನಲ್ಲಿ ಪಕ್ಕಕ್ಕೆ ಸರಿಯುತ್ತದೆ. ಪಂಪು ಗಾಳಿ ಹೀರಿದರೆ ಇಂಜಿನ್ ನಡುದಾರಿಯಲ್ಲೇ ಮುಗ್ಗರಿಸಬಹುದು. ಎದುರು ಹತ್ತಿ ಬರುವ ಮಿನಿ ಬಸ್ಸಿಗೆ ಇಕ್ಕಟ್ಟಿನಲ್ಲಿ ಮೊದಲು ದಾರಿ ಕೊಡಬೇಕಾದವರು ಇಳಿಯುವವರು. ಕಾರು ತಮ್ಮ ಮಾತು ಕೇಳುವಂತಿದ್ದರೆ ತಾನೇ ದಾರಿ ಕೊಡುವುದು?

ಸೋಮೇಶ್ವರ ತಲುಪಿದ ಮೇಲೆ ಏಸಿ ಆರಿಸಿ, ಒಂದೇ ಹದದ ವೇಗದಲ್ಲಿ ಹೆಬ್ರಿಯ ಬಂಕಿನತ್ತ ಸಾಗಬಹುದು. ಅದಕ್ಕಿಂತ ಸುಲಭದ ದಾರಿ ತೀರ್ಥಹಳ್ಳಿಯಲ್ಲೇ ಎರಡು ಲೀಟರ್ ಹಾಕಿಸಿಕೊಳ್ಳುವುದು. ಹಿಂದಿನ ಸೀಟಿನ ಮಕ್ಕಳು ನಾಳೆ ಇದೇ ಘಾಟಿಯನ್ನು ತಾವೇ ಇಳಿಯುವವರು. ಅಪ್ಪನ ಕೈ ಗೇರಿನ ಮೇಲೆ ಏನು ಮಾಡುತ್ತದೆಂದು ಅವರು ನೋಡುತ್ತಲೇ ಇರುತ್ತಾರೆ.